ಕಾಡಿನ ಪಂಚಾಂಗ ಮತ್ತು ನಮ್ಮ ಹಕ್ಕು

(ಹಾರೋಹಳ್ಳಿಯಲ್ಲಿ ಬೆಟ್ಟದ ಹಳ್ಳಿಗಳ ಜನರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



'ಆದಿವಾಸಿಗಳ ಋತುಚಕ್ರ ಮತ್ತು ಸಂಸ್ಕೃತಿ' ಎಂಬ ವಿಷಯದ ಮೇಲೆ ಮಾತನಾಡುವಂತೆ ಸಂಘಟಕರು ನನ್ನನ್ನು ಕೇಳಿದ್ದಾರೆ. ಈ ವಿಷಯವನ್ನು ಹಾರೋಹಳ್ಳಿಯಲ್ಲಿ ನಿಂತು ಮಾತನಾಡುವುದಕ್ಕೆ ಒಂದು ವಿಶೇಷ ಅರ್ಥವಿದೆ. ಇಲ್ಲಿಂದ ಪೂರ್ವಕ್ಕೆ ಬನ್ನೇರುಘಟ್ಟದ ಕಾಡು, ದಕ್ಷಿಣಕ್ಕೆ ಕನಕಪುರದಾಚೆ ಕಾವೇರಿ ವನ್ಯಜೀವಿ ಧಾಮ, ಪಶ್ಚಿಮಕ್ಕೆ ರಾಮನಗರದ ಬಂಡೆಬೆಟ್ಟಗಳು, ಅವುಗಳಾಚೆ ಮಾಗಡಿ ಸೀಮೆಯ ಸಾವನದುರ್ಗ. ಇವುಗಳ ನಡುವೆ ಕೈಗಾರಿಕಾ ಪ್ರದೇಶ. ಇಲ್ಲಿ ಕಾಲವನ್ನು ಅಳೆಯುವುದು ಪಾಳಿಯ ಲೆಕ್ಕದಲ್ಲಿ. ಮೊದಲ ಪಾಳಿ, ಎರಡನೆಯ ಪಾಳಿ, ರಾತ್ರಿ ಪಾಳಿ. ಆಷಾಢವಿರಲಿ, ಮಾಘವಿರಲಿ, ಪಾಳಿಗೆ ಅದೆಲ್ಲ ಒಂದೇ. ಬೆಟ್ಟದ ಕಾಲ ಹಾಗಲ್ಲ. ಅಲ್ಲಿ ಮುತ್ತುಗ ಹೂ ಬಿಟ್ಟಾಗ ಒಂದು ಕೆಲಸ, ಹುಣಸೆ ಮಾಗಿದಾಗ ಮತ್ತೊಂದು, ಭರಣಿ ಮಳೆ ಬಿದ್ದಾಗ ಇನ್ನೊಂದು. ನಮ್ಮ ಮಕ್ಕಳು ಈ ಎರಡು ಕಾಲಗಳ ಗಡಿಯಲ್ಲಿ ನಿಂತಿದ್ದಾರೆ.

ಆದಿವಾಸಿಗಳ ಋತುಚಕ್ರ ಎಂದೊಡನೆ ನಮಗೆ ಹಾಡು, ಕುಣಿತ, ಹಬ್ಬಗಳು ನೆನಪಾಗುತ್ತವೆ. ಅವು ಇರುವುದು ನಿಜ. ಆದರೆ ಅವುಗಳ ಕೆಳಗೆ ಒಂದು ಕಟ್ಟುನಿಟ್ಟಾದ ಲೆಕ್ಕವಿದೆ. ಯಾವುದನ್ನು ಯಾವಾಗ ತೆಗೆದುಕೊಳ್ಳಬೇಕು, ಯಾವಾಗ ಮುಟ್ಟಬಾರದು, ಎಷ್ಟನ್ನು ಬಿಡಬೇಕು ಎಂಬ ಲೆಕ್ಕ ಅದು. ಇದನ್ನೇ ನಾನು ಕಾಡಿನ ಪಂಚಾಂಗ ಎಂದು ಕರೆಯುತ್ತೇನೆ. ಈ ಪಂಚಾಂಗ ಹೇಗಿತ್ತು, ಹೇಗೆ ಮುರಿಯಿತು, ಅದನ್ನು ಉಳಿಸಿಕೊಳ್ಳುವುದರಿಂದ ನಮಗೆ ಇಂದು ದೊರೆಯುವುದೇನು ಎಂಬುದನ್ನು ಮೂರು ಸಮುದಾಯಗಳ ಮೂಲಕ ವಿವರಿಸುತ್ತೇನೆ. ಮೊದಲನೆಯದು ದೂರದ ಉತ್ತರ ಅಮೆರಿಕದ್ದು, ಎರಡನೆಯದು ನಮ್ಮ ನೆರೆಯ ಚಾಮರಾಜನಗರದ್ದು, ಮೂರನೆಯದು ಈ ಸಭೆಯಲ್ಲೇ ಕುಳಿತಿರುವವರದು.

ನೀರಿನ ಮೇಲೆ ಅನ್ನ ಬೆಳೆಯುವ ನಾಡು

ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯಲ್ಲಿ ಸುಪೀರಿಯರ್ ಎಂಬ ಸಮುದ್ರದಂತಹ ಸರೋವರವಿದೆ. ಅದರ ಸುತ್ತಲಿನ ಕಾಡುಗಳಲ್ಲಿ ಒಜಿಬ್ವೆ ಜನ ನೆಲೆಸಿದ್ದಾರೆ. ತಮ್ಮನ್ನು ಅವರು ಅನಿಶಿನಾಬೆ ಎಂದು ಕರೆದುಕೊಳ್ಳುತ್ತಾರೆ. ನೀರಿನ ಮೇಲೆ ಅನ್ನ ಬೆಳೆಯುವ ಜಾಗ ಸಿಗುವವರೆಗೂ ಪಶ್ಚಿಮಕ್ಕೆ ನಡೆಯಿರಿ ಎಂಬ ವಾಣಿಯನ್ನು ಅನುಸರಿಸಿ ತಮ್ಮ ಪೂರ್ವಿಕರು ಅಲ್ಲಿಗೆ ಬಂದರೆಂಬುದು ಅವರ ವಲಸೆಯ ಕಥೆ. ಆ ಅನ್ನ ಮನೋಮಿನ್. ಆಳವಿಲ್ಲದ ಕೆರೆಗಳಲ್ಲಿ ತಾನಾಗಿ ಬೆಳೆಯುವ ಕಾಡುಬತ್ತ.

ಅವರ ವರ್ಷ ಹೀಗಿತ್ತು. ಚಳಿಗಾಲ ಕಳೆಯುವಾಗ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಮೇಪಲ್ ಮರದೊಳಗೆ ರಸ ಏರುತ್ತದೆ. ಕುಟುಂಬಗಳು ಮೇಪಲ್ ತೋಪುಗಳಲ್ಲಿ ಬಿಡಾರ ಹೂಡಿ, ತೊಗಟೆಗೆ ಗಾಯ ಮಾಡಿ, ಆ ರಸವನ್ನು ಕಾಯಿಸಿ ಸಕ್ಕರೆ ಮಾಡುತ್ತಿದ್ದವು. ಸುಮಾರು 40 ಪಾಲು ರಸ ಕಾಯಿಸಿದರೆ 1 ಪಾಲು ಪಾಕ. ನಮ್ಮ ಆಲೆಮನೆಯಂತೆಯೇ ಅದು ಇಡೀ ಬಂಧುಬಳಗ ಸೇರುವ ಕಾಲವಾಗಿತ್ತು. ಬೇಸಿಗೆಯ ಆರಂಭದಲ್ಲಿ ಬರ್ಚ್ ಮರದ ತೊಗಟೆ ಸುಲಭವಾಗಿ ಬಿಡಿಸಿಬರುತ್ತದೆ. ದೋಣಿಗೂ ಬುಟ್ಟಿಗೂ ಮನೆಯ ಹೊದಿಕೆಗೂ ಅದೇ ಆಧಾರ. ಆಮೇಲೆ ಕಾಡುಹಣ್ಣುಗಳು, ಮೀನುಗಾರಿಕೆ, ಸಣ್ಣ ತೋಟ. ಬೇಸಿಗೆ ಮುಗಿಯುತ್ತಿದ್ದಂತೆ ಕಾಡುಬತ್ತದ ಸುಗ್ಗಿ. ಒಬ್ಬರು ಗಳು ಊರಿ ದೋಣಿ ನಡೆಸಿದರೆ ಇನ್ನೊಬ್ಬರು ಎರಡು ಹಗುರ ಕೋಲುಗಳಿಂದ ತೆನೆಯನ್ನು ದೋಣಿಯೊಳಗೆ ಬಾಗಿಸಿ ಮೆಲ್ಲಗೆ ತಟ್ಟುತ್ತಾರೆ. ಮಾಗಿದ ಕಾಳು ದೋಣಿಗೆ ಬೀಳುತ್ತದೆ, ಮಾಗದ್ದು ತೆನೆಯಲ್ಲೇ ಉಳಿಯುತ್ತದೆ, ಒಂದಷ್ಟು ನೀರಿಗೆ ಬಿದ್ದು ಮುಂದಿನ ವರ್ಷದ ಬಿತ್ತನೆಯಾಗುತ್ತದೆ. ಹಿಮ ಬಿದ್ದ ಮೇಲೆ ಸಣ್ಣ ಸಣ್ಣ ಕುಟುಂಬಗಳಾಗಿ ಚದುರಿ ಬೇಟೆ. ಕೆಲವು ಪುರಾಣಕಥೆಗಳನ್ನು ನೆಲದ ಮೇಲೆ ಹಿಮವಿರುವಾಗ ಮಾತ್ರ ಹೇಳಬೇಕೆಂಬ ಕಟ್ಟಳೆ. ತಿಂಗಳುಗಳ ಹೆಸರೂ ಹಾಗೆಯೇ: ಸಕ್ಕರೆ ಕಾಯಿಸುವ ತಿಂಗಳು, ಸ್ಟ್ರಾಬೆರಿ ತಿಂಗಳು, ಕಾಡುಬತ್ತದ ತಿಂಗಳು.

ಇಲ್ಲಿ ಗಮನಿಸಬೇಕಾದ ಒಂದು ಪದ್ಧತಿಯಿದೆ. ಕೆರೆಯ ಬತ್ತ ಮಾಗಿದೆಯೇ ಎಂದು ನೋಡಿ, ಇಂದಿನಿಂದ ಕೊಯ್ಲು ಆರಂಭಿಸಬಹುದು ಎಂದು ಘೋಷಿಸುವ ಅಧಿಕಾರ ಅನುಭವಿಯಾದ ಹಿರಿಯರದು. ಅವರು ಹೇಳುವವರೆಗೆ ಯಾರೂ ದೋಣಿ ಇಳಿಸುವುದಿಲ್ಲ. ಹಸಿದವರು ಕೂಡ ಕಾಯುತ್ತಾರೆ. ಕಾಡಿನ ಪಂಚಾಂಗವೆಂದರೆ ಮೊದಲಿಗೆ ಕಾಯುವ ಶಿಸ್ತು.

1837 ಮತ್ತು 1842ರ ಒಪ್ಪಂದಗಳಲ್ಲಿ ಒಜಿಬ್ವೆಯವರು ವಿಶಾಲವಾದ ನೆಲವನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಆದರೆ ಆ ನೆಲದಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡುಬತ್ತ ಸಂಗ್ರಹಿಸುವ ಹಕ್ಕನ್ನು ಉಳಿಸಿಕೊಂಡರು. ಅನಂತರ ರಾಜ್ಯ ಸರ್ಕಾರಗಳು ಈ ಹಕ್ಕನ್ನು ಕಡೆಗಣಿಸಿದವು. ಮಕ್ಕಳನ್ನು ವಸತಿಶಾಲೆಗಳಿಗೆ ಒಯ್ದು ತಾಯಿನುಡಿ ಆಡದಂತೆ ಮಾಡಲಾಯಿತು. 1974ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಇಬ್ಬರು ಒಜಿಬ್ವೆ ಸಹೋದರರು ತಮ್ಮ ಮೀಸಲು ನೆಲದ ಗಡಿಯಾಚೆ ಮೀನು ಹಿಡಿದು ಬಂಧನಕ್ಕೊಳಗಾದರು. ಆ ಮೊಕದ್ದಮೆ ಬೆಳೆದು 1983ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಂದದ ಹಕ್ಕು ಜೀವಂತವಾಗಿದೆ ಎಂದು ತೀರ್ಪು ನೀಡಿತು. 1999ರಲ್ಲಿ ಮಿನ್ನೆಸೋಟಾದ ಪ್ರಕರಣವೊಂದರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ 1837ರ ಒಪ್ಪಂದದ ಹಕ್ಕನ್ನು ಎತ್ತಿಹಿಡಿಯಿತು.

ಇನ್ನೊಂದು ಸಂಗತಿ ಹಾರೋಹಳ್ಳಿಯ ಜನರಿಗೆ ವಿಶೇಷವಾಗಿ ತಿಳಿದಿರಬೇಕು. ಕಾಡುಬತ್ತಕ್ಕೆ ತಿಳಿನೀರು ಬೇಕು. ನೀರಿನಲ್ಲಿ ಸಲ್ಫೇಟ್ ಹೆಚ್ಚಾದರೆ ಅದು ನಶಿಸುತ್ತದೆ. ಇದನ್ನು ಮನಗಂಡ ಮಿನ್ನೆಸೋಟಾ ರಾಜ್ಯವು 1973ರಲ್ಲಿಯೇ ಕಾಡುಬತ್ತದ ನೀರಿಗೆ ಲೀಟರಿಗೆ 10 ಮಿಲಿಗ್ರಾಂ ಸಲ್ಫೇಟ್ ಎಂಬ ಮಿತಿಯನ್ನು ವಿಧಿಸಿತು. ವಿಸ್ಕಾನ್ಸಿನ್‌ನ ಕ್ರ್ಯಾಂಡನ್ ಎಂಬಲ್ಲಿ ಒಂದು ಕೆರೆಯ ಮೇಲ್ಭಾಗದಲ್ಲಿ ಗಣಿ ತೆರೆಯುವ ಯೋಜನೆ ಬಂದಾಗ ಮೋಲ್ ಲೇಕ್‌ನ ಒಜಿಬ್ವೆಯವರು ದಶಕಗಳ ಕಾಲ ವಿರೋಧಿಸಿದರು. ಕೊನೆಗೆ 2003ರಲ್ಲಿ ಅವರೂ ನೆರೆಯ ಪೊಟವಾಟಮಿ ಸಮುದಾಯದವರೂ ಸೇರಿ ಗಣಿಯ ಜಾಗವನ್ನೇ ಕೊಂಡುಕೊಂಡು ಯೋಜನೆಯನ್ನು ನಿಲ್ಲಿಸಿದರು. ತಾವು ಏನನ್ನು ಉಳಿಸಬೇಕೆಂಬುದು ಅವರಿಗೆ ಖಚಿತವಾಗಿ ಗೊತ್ತಿತ್ತು. ಯಾವ ಕೆರೆಯಲ್ಲಿ, ಯಾವ ತಿಂಗಳಲ್ಲಿ, ಯಾವ ಬೆಳೆ ಎಂಬುದನ್ನು ಅವರು ಹೆಸರಿಟ್ಟು ಹೇಳಬಲ್ಲವರಾಗಿದ್ದರು. ಹೋರಾಟಕ್ಕೆ ಬಲ ಬಂದದ್ದು ಅಲ್ಲಿಂದ.

ಬಿಳಿಗಿರಿಯ ವರ್ಷ

ಈಗ ನಮ್ಮ ನಾಡಿಗೆ ಬರೋಣ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿದ್ದಾರೆ. ಅವರ ಊರುಗಳಿಗೆ ಪೋಡು ಎಂದು ಹೆಸರು. ಬಿಳಿಗಿರಿ ರಂಗನಾಥನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದನೆಂಬ ನಂಬಿಕೆಯಿಂದಾಗಿ ಸೋಲಿಗರಿಗೆ ಆತ ಭಾವ. ದೇವರನ್ನು ಭಾವ ಎಂದು ಕರೆಯುವ ಜನರಿಗೆ ಕಾಡು ಎಂದರೆ ಬೀಗರ ಮನೆ. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ಮರ ಅವರಿಗೆ ಆರಾಧ್ಯ ದೈವ.

ಸೋಲಿಗರ ಕಾಡು ಗುರುತಿಲ್ಲದ ಕಾಡಲ್ಲ. ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನ ಎಲ್ಲೆಯಿತ್ತು. ಒಂದು ಎಲ್ಲೆಯೊಳಗೆ ದೇವರು, ಮಾರಮ್ಮ, ವೀರ, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ಸ್ಥಾನಗಳಿದ್ದವು. ಕಲ್ಲುಗುಡಿಯೆಂದರೆ ಪೂರ್ವಿಕರ ಸಮಾಧಿಯ ನೆಲೆ, ಅಬ್ಬಿಯೆಂದರೆ ನೀರಿನ ಸೆಲೆ. ವರ್ಷದ ಹಬ್ಬಗಳು ಈ ಸ್ಥಾನಗಳಲ್ಲಿ ನಡೆಯುತ್ತಿದ್ದವು. ಹೊಸ ರಾಗಿ ಮನೆಗೆ ಬಂದಾಗ ಮೊದಲು ದೇವರಿಗೆ, ಅನಂತರ ಮನುಷ್ಯರಿಗೆ. ರೊಟ್ಟಿ ಹಬ್ಬದಲ್ಲಿ ಪೋಡುಗಳೆಲ್ಲ ಒಂದೆಡೆ ಸೇರಿ, ರಾತ್ರಿಯಿಡೀ ಗೊರುಕನ ಹಾಡಿಗೆ ಹೆಜ್ಜೆ ಹಾಕುತ್ತಿದ್ದವು.

ವರ್ಷದ ಕೆಲಸಗಳ ಸಾಲು ಹೀಗೆ. ಚಳಿಗಾಲದಲ್ಲಿ, ಡಿಸೆಂಬರಿನಿಂದ ಫೆಬ್ರವರಿವರೆಗೆ, ನೆಲ್ಲಿಕಾಯಿ. ಅದೇ ಕಾಲದ ಕೊನೆಯಲ್ಲಿ, ಎಲೆಯುದುರಿ ಹುಲ್ಲು ಪೂರ್ತಿ ಒಣಗುವ ಮೊದಲೇ, ತರಗು ಬೆಂಕಿ. ಬೇಸಿಗೆಯಲ್ಲಿ ಮರಗಳು ಹೂ ಬಿಟ್ಟು ಮುಗಿದ ಮೇಲೆ, ಏಪ್ರಿಲ್‌ನಿಂದ ಮುಂಗಾರು ಹಿಡಿಯುವವರೆಗೆ, ಹೆಜ್ಜೇನು. ಮಳೆ ಬಿದ್ದ ಮೇಲೆ ರಾಗಿ, ಅವರೆ, ಜೋಳ, ಕುಂಬಳ, ಸಾಸಿವೆಗಳನ್ನು ಬೆರೆಸಿ ಬಿತ್ತುವ ಹೊಲ. ನಡುನಡುವೆ ಕಾಡುಗೆಣಸು, ಸೊಪ್ಪು, ಅಣಬೆ, ಅಂಟುವಾಳ, ಸೀಗೆಕಾಯಿ, ಮರದ ಪಾಚಿ, ಮಾಗಳಿ ಬೇರು.

ಇವುಗಳಲ್ಲಿ ಪ್ರತಿಯೊಂದಕ್ಕೂ 'ಬೇಡ' ಎಂಬ ನಿಯಮವೂ ಇತ್ತು. ಗೆಣಸು ಅಗೆದವರು ಬಳ್ಳಿಯ ಬುಡದ ತುಂಡನ್ನು ಮಣ್ಣಿನಲ್ಲಿ ಉಳಿಸಿ ಗುಂಡಿ ಮುಚ್ಚಬೇಕು. ನೆಲ್ಲಿಯ ಕಾಯಿಯಲ್ಲಿ ಜಿಂಕೆ, ಕಡವೆಗಳಿಗೂ ಮುಂದಿನ ಸಸಿಗಳಿಗೂ ಪಾಲಿದೆ, ಮರವನ್ನು ಬರಿದು ಮಾಡಬಾರದು. ಹೆಜ್ಜೇನಿನ ಮರದಲ್ಲಿ ಎಲ್ಲ ಹುಟ್ಟನ್ನೂ ಇಳಿಸಬಾರದು. ಇವು ಬರೆದಿಟ್ಟ ಕಾನೂನುಗಳಲ್ಲ. ಹಿರಿಯರ ಜೊತೆ ನಡೆದು ಕಲಿಯಬೇಕಾದ ಪಾಠಗಳು.

ತರಗು ಬೆಂಕಿಯ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಅದರ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಸೋಲಿಗ ಹಿರಿಯರು ಹೇಳುವುದು ಇಷ್ಟು: ವರ್ಷದ ಆರಂಭದಲ್ಲಿ, ನೆಲದಲ್ಲಿ ಇನ್ನೂ ತೇವವಿರುವಾಗ, ಮೊಣಕಾಲೆತ್ತರದ ತಣ್ಣನೆಯ ಬೆಂಕಿ ತರಗನ್ನು ಮಾತ್ರ ಸುಡುತ್ತದೆ. ಆಮೇಲೆ ಹೊಸ ಹುಲ್ಲು ಚಿಗುರುತ್ತದೆ, ಬೀಜ ಮೊಳೆಯುತ್ತದೆ, ನೆಲ್ಲಿಮರವನ್ನು ಕೊಲ್ಲುವ ಬಂದಳಿಕೆಗೆ ತಡೆಯಾಗುತ್ತದೆ, ಲಂಟಾನ ತಲೆಯೆತ್ತುವುದಿಲ್ಲ. ಸಂಶೋಧಕರು ಈ ಮಾತುಗಳನ್ನು ಕಳೆದ ಎರಡು ದಶಕಗಳಲ್ಲಿ ಗಂಭೀರವಾಗಿ ಪರಿಶೀಲಿಸಿದ್ದಾರೆ. ಬಿಳಿಗಿರಿಯಲ್ಲಿ 1997 ಮತ್ತು 2008ರ ನಡುವೆ ಲಂಟಾನ ಹರಡಿದ ಪ್ರದೇಶ ಸುಮಾರು ಎರಡು ಪಟ್ಟಾದುದನ್ನು ಅವರು ದಾಖಲಿಸಿದ್ದಾರೆ. ಆದರೆ ಒಂದು ಎಚ್ಚರಿಕೆ. ಲಂಟಾನ ಆಳೆತ್ತರ ತುಂಬಿರುವ ಇಂದಿನ ಕಾಡಿಗೆ ಕಡ್ಡಿ ಗೀರುವುದು ಅಪರಾಧ ಮಾತ್ರವಲ್ಲ, ಮರದ ನೆತ್ತಿಯವರೆಗೆ ಏರುವ ಬೆಂಕಿಗೆ ಆಹ್ವಾನ. ನನ್ನ ಮಾತಿನ ಅರ್ಥ ಬೆಂಕಿ ಹಚ್ಚಿರಿ ಎಂದಲ್ಲ. ಯಾವ ದಿನ, ಯಾವ ಇಳಿಜಾರಿನಲ್ಲಿ, ಯಾವ ಗಾಳಿಯಲ್ಲಿ ಎಂಬ ತಿಳಿವಳಿಕೆ ಕಳೆದುಹೋದರೆ ಅದೇ ಬೆಂಕಿ ಶತ್ರುವಾಗುತ್ತದೆ ಎಂಬುದಷ್ಟೇ.

ಪಂಚಾಂಗ ಮುರಿದ ಬಗೆ

1974ರಲ್ಲಿ ಬಿಳಿಗಿರಿಯ ಕಾಡು ವನ್ಯಜೀವಿ ಧಾಮವಾಯಿತು. ಸೋಲಿಗರ ಅಲೆಮಾರಿ ಬೇಸಾಯ ನಿಂತಿತು, ಪೋಡುಗಳು ಒಂದೆಡೆ ನೆಲೆಯೂರಬೇಕಾಯಿತು, ತರಗು ಬೆಂಕಿ ನಿಷಿದ್ಧವಾಯಿತು. ಆಗಲೂ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹ ಉಳಿದಿತ್ತು. ಆದಿವಾಸಿಗಳ ಲ್ಯಾಂಪ್ಸ್ ಸಹಕಾರ ಸಂಘದ ಮೂಲಕ ಜೇನು, ನೆಲ್ಲಿ, ಪಾಚಿ ಮಾರಾಟವಾಗುತ್ತಿದ್ದವು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆರೋಗ್ಯ, ಶಿಕ್ಷಣಗಳ ಜೊತೆಗೆ ಈ ಕೆಲಸಕ್ಕೂ ನೆರವಾಯಿತು. 1990ರ ದಶಕದಲ್ಲಿ ಎಷ್ಟು ಕಾಯಿ ಕಿತ್ತರೆ ಕಾಡಿಗೆ ಹಾನಿಯಿಲ್ಲ ಎಂಬುದನ್ನು ಸೋಲಿಗರೂ ವಿಜ್ಞಾನಿಗಳೂ ಸೇರಿ ಅಳೆದರು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ, 2006ರ ವೇಳೆಗೆ, ಧಾಮದೊಳಗೆ ಮಾರಾಟಕ್ಕಾಗಿ ಸಂಗ್ರಹಿಸುವುದು ಪೂರ್ತಿ ನಿಂತಿತು. ಅನೇಕ ಸೋಲಿಗರು ಕಾಫಿ ತೋಟಗಳ ಕೂಲಿಗೆ ಹೋದರು.

ಮಿತ್ರರೇ, ಇಲ್ಲಿ ನಿಂತು ಯೋಚಿಸಬೇಕು. ಕಾಡಿನ ಪಂಚಾಂಗಕ್ಕೆ ಎರಡು ಶತ್ರುಗಳಿವೆ. ಮೊದಲನೆಯದು ಮಾರುಕಟ್ಟೆ. ಅದು ವರ್ಷವಿಡೀ 'ತಾ' ಎನ್ನುತ್ತದೆ. ಕಾಯಿ ಬಲಿತಿದೆಯೋ ಇಲ್ಲವೋ ಕೇಳುವುದಿಲ್ಲ. ಬೇರೆಯವನು ಕಿತ್ತುಕೊಳ್ಳುವ ಮೊದಲು ನಾನೇ ಕೀಳಬೇಕು ಎಂಬ ಅವಸರವನ್ನು ಹುಟ್ಟಿಸುತ್ತದೆ. ಮಾಗಳಿ ಬೇರನ್ನು ಉಪ್ಪಿನಕಾಯಿ ವ್ಯಾಪಾರಕ್ಕಾಗಿ ಬುಡಸಮೇತ ಅಗೆದು ಮುಗಿಸಿದ ಕಡೆಗಳಲ್ಲಿ ಇದನ್ನು ಕಂಡಿದ್ದೇವೆ. ಎರಡನೆಯದು ವರ್ಷವಿಡೀ 'ಬೇಡ' ಎನ್ನುವ ನಿಷೇಧ. ಮೇಲ್ನೋಟಕ್ಕೆ ಈ ಎರಡೂ ಪರಸ್ಪರ ವಿರುದ್ಧ. ಆದರೆ ಕಾಲದ ಅರಿವನ್ನು ಅಳಿಸುವುದರಲ್ಲಿ ಎರಡೂ ಒಂದೇ. ಎಂದಿಗೂ ಹೋಗಬಾರದ ಕಾಡಿನಲ್ಲಿ 'ಯಾವಾಗ ಹೋಗಬೇಕು' ಎಂಬ ತಿಳಿವಳಿಕೆಗೆ ಕೆಲಸವಿಲ್ಲ. ಕದ್ದು ಹೋಗುವವನು ಕಾಯುವುದಿಲ್ಲ. ಸಿಕ್ಕಿದ್ದನ್ನು ಸಿಕ್ಕಿದಾಗ ತೆಗೆದುಕೊಂಡು ಓಡುತ್ತಾನೆ. ಹಕ್ಕಿಲ್ಲದ ಕಡೆ ಹೊಣೆಯೂ ಉಳಿಯುವುದಿಲ್ಲ.

ಬಿಳಿಗಿರಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. 2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. ಸೋಲಿಗ ಸಂಘಟನೆಗಳು ಪೋಡು ಪೋಡುಗಳಲ್ಲಿ ಗ್ರಾಮಸಭೆ ನಡೆಸಿದವು. ಹಿರಿಯರು, ಯುವಕರು, ಸಂಶೋಧಕರು ಒಟ್ಟಾಗಿ ಎಲ್ಲೆಗಳನ್ನು ನಡೆದು, ಪವಿತ್ರ ಸ್ಥಾನಗಳನ್ನು ನಕ್ಷೆಯ ಮೇಲೆ ಗುರುತಿಸಿದರು. 2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಇನ್ನು ಹಕ್ಕಿನ ಮಾತೇ ಇಲ್ಲ ಎಂದು ಅನೇಕರು ಭಾವಿಸಿದ್ದರು. ಆದರೆ ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಮಾನ್ಯವಾಯಿತು. ಹುಲಿಯ ಕಾಡಿನೊಳಗೇ ಸಮುದಾಯದ ಹಕ್ಕನ್ನು ಪಡೆದ ಮೊದಲಿಗರ ಸಾಲಿನಲ್ಲಿ ಸೋಲಿಗರು ನಿಂತರು. ಅವರನ್ನು ಅಲ್ಲಿಗೆ ಕೊಂಡೊಯ್ದದ್ದು ತಾತ ಮುತ್ತಾತಂದಿರಿಂದ ಬಂದ ಸ್ಥಳನಾಮಗಳು ಹಾಗೂ ಋತುವಿನ ನೆನಪು.

ನಮ್ಮ ಬೆಟ್ಟಗಳ ಇರುಳಿಗರು

ಈಗ ನಮ್ಮ ಮನೆಯ ಮಾತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ಬೆಟ್ಟದ ತಪ್ಪಲುಗಳಲ್ಲಿ ಇರುಳಿಗರ ದೊಡ್ಡಿಗಳಿವೆ, ಕಾಲೋನಿಗಳಿವೆ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಇರುಳಿಗ ಎಂಬ ಹೆಸರಿದೆ. ಇರುಳು ಎಂಬ ಮಾತಿನಿಂದ ಆ ಹೆಸರು ಬಂದಿತೆಂದು ಹೇಳುವುದುಂಟು. ಜೇನು ಇಳಿಸುವುದು, ಗೆಣಸು ಅಗೆಯುವುದು, ಕಾಡಿನ ಹಣ್ಣುಹಂಪಲು, ಬೇರುನಾರು, ಬಿದಿರು ಇವರ ಹಿಂದಿನ ಬದುಕಾಗಿದ್ದವು. ಇಂದು ಬಹುಪಾಲು ಜನ ಕೂಲಿಗಳು. ಮಾವಿನ ತೋಪುಗಳ ಕಾವಲು, ರೇಷ್ಮೆ ತೋಟದ ಕೆಲಸ, ಕಟ್ಟಡದ ಕೆಲಸ ಮಾಡುವವರು. ತಮಿಳುನಾಡಿನಲ್ಲಿ ಇವರ ಹೆಸರನ್ನೇ ಹೋಲುವ ಇರುಳರಿದ್ದಾರೆ. ಹಾವಿನ ಚರ್ಮದ ವ್ಯಾಪಾರ ನಿಷೇಧವಾದ ಮೇಲೆ ಅವರು 1978ರಲ್ಲಿ ಚೆನ್ನೈ ಸಮೀಪ ಹಾವು ಹಿಡಿಯುವವರ ಸಹಕಾರ ಸಂಘವನ್ನು ಕಟ್ಟಿಕೊಂಡರು. ಹಾವನ್ನು ಕೊಲ್ಲದೆ, ವಿಷ ತೆಗೆದು ಮತ್ತೆ ಕಾಡಿಗೆ ಬಿಡುವ ಪದ್ಧತಿ ಅವರದು. ಹಾವು ಕಚ್ಚಿದವರಿಗೆ ನೀಡುವ ಔಷಧದ ತಯಾರಿಕೆಗೆ ಆ ವಿಷ ಬೇಕು. 2023ರಲ್ಲಿ ಆ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ ಪದ್ಮಶ್ರೀ ದೊರೆಯಿತು. ಕಾಡಿನ ತಿಳಿವಳಿಕೆಗೆ ಇಂದಿನ ಲೋಕದಲ್ಲಿ ಸ್ಥಾನವಿಲ್ಲ ಎನ್ನುವವರಿಗೆ ಇದು ಸಾಕಾದ ಉತ್ತರ.

ನಮ್ಮ ಬೆಟ್ಟಗಳು ಬಿಳಿಗಿರಿಯಂತೆ ದಟ್ಟ ಕಾಡಲ್ಲ. ಇದು ಕುರುಚಲು ಮತ್ತು ಎಲೆಯುದುರುವ ಕಾಡು. ಹಾಗೆಂದು ಇದರ ಪಂಚಾಂಗ ಬಡವಾದುದೇನೂ ಅಲ್ಲ. ಮಾಘ ಫಾಲ್ಗುಣದಲ್ಲಿ ಮುತ್ತುಗ ಕೆಂಪೇರುತ್ತದೆ, ಹುಣಸೆ ಉದುರುತ್ತದೆ. ಯುಗಾದಿಯ ಹೊತ್ತಿಗೆ ಹೊಂಗೆ ಚಿಗುರಿ ನೆರಳಾಗುತ್ತದೆ. ಬೇಸಿಗೆಯಲ್ಲಿ ಬಂಡೆಯ ಸಂದುಗಳಲ್ಲಿ ಹೆಜ್ಜೇನು. ಮುಂಗಾರಿನ ಆರಂಭದಲ್ಲಿ ಕವಳೆ, ನೇರಳೆ. ಪುನರ್ವಸು, ಪುಷ್ಯ ಮಳೆಗಳಲ್ಲಿ ರಾಗಿ. ಮಳೆಗಾಲ ಇಳಿಯುವಾಗ ಸೀತಾಫಲ. ರಾಗಿ ತೆನೆಗಟ್ಟಿದಾಗ ಬನ್ನೇರುಘಟ್ಟ ಮತ್ತು ಕಾವೇರಿ ಕಾಡಿನಿಂದ ಆನೆಗಳು. ಪುಷ್ಯ ಮಾಸದ ಮಂಜಿನಲ್ಲಿ ಸೊಗಡಿನ ಅವರೆ, ನೆಲ್ಲಿ. ಹೊಲದ ರೈತನ 27 ಮಳೆ ನಕ್ಷತ್ರಗಳ ಲೆಕ್ಕವೂ ಬೆಟ್ಟದ ಇರುಳಿಗನ ಹೂ ಕಾಯಿಗಳ ಲೆಕ್ಕವೂ ಅಕ್ಕಪಕ್ಕದಲ್ಲಿ ಬಾಳಿದವು. ಒಬ್ಬರ ಪಂಚಾಂಗ ತಪ್ಪಿದರೆ ಇನ್ನೊಬ್ಬರಿಗೂ ಅದರ ಬಿಸಿ ತಟ್ಟುತ್ತದೆ. ಕಾಡಿನಲ್ಲಿ ಲಂಟಾನ ತುಂಬಿ ಹುಲ್ಲು ಇಲ್ಲವಾದಾಗ ಆನೆ ರಾಗಿ ಹೊಲಕ್ಕೆ ಬರುವುದು ಹೆಚ್ಚುತ್ತದೆ. ಇದನ್ನು ಕನಕಪುರ ಸೀಮೆಯ ರೈತರಿಗೆ ನಾನು ಹೇಳಬೇಕಾಗಿಲ್ಲ.

ನೀರಿನ ಮಾತೂ ಇದೆ. ಒಜಿಬ್ವೆಯವರು ಕೆರೆಯ ಸಲ್ಫೇಟನ್ನು ಅಳೆದರು. ನಮ್ಮ ಅರ್ಕಾವತಿಗೆ ವೃಷಭಾವತಿಯು ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ತರುತ್ತಿದೆ. ಆ ನೀರು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಯಾವ ತಿಂಗಳಲ್ಲಿ ಹೊಳೆಯ ಯಾವ ಮಡುವಿನಲ್ಲಿ ಯಾವ ಮೀನು ಸಿಗುತ್ತಿತ್ತು ಎಂದು ಹೇಳಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರ ಮಾತು ದಾಖಲಾಗದಿದ್ದರೆ, ಈ ಹೊಳೆ ಹುಟ್ಟಿದ ದಿನದಿಂದಲೂ ಹೀಗೆಯೇ ನೊರೆಯುಕ್ಕಿಸಿಕೊಂಡು ಹರಿಯುತ್ತಿತ್ತೆಂದು ಮುಂದಿನವರು ನಂಬುತ್ತಾರೆ.

ನೆನಪೇ ಸಾಕ್ಷ್ಯ

ಇಷ್ಟೆಲ್ಲ ಕೇಳಿದ ಮೇಲೆ, ಇದರಿಂದ ನಮಗೇನು ಸಿಗುತ್ತದೆ ಎಂದು ದೊಡ್ಡಿಯ ತಾಯಂದಿರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕಾಯ್ದೆಯಲ್ಲೇ ಇದೆ.

ಅರಣ್ಯ ಹಕ್ಕು ಕಾಯ್ದೆಯು ಎರಡು ಬಗೆಯ ಹಕ್ಕುಗಳನ್ನು ಮಾನ್ಯ ಮಾಡುತ್ತದೆ. ಒಂದು ವೈಯಕ್ತಿಕ, ಅಂದರೆ ಸಾಗುವಳಿಯ ಮತ್ತು ವಾಸದ ನೆಲ. ಇನ್ನೊಂದು ಸಮುದಾಯದ್ದು: ಜೇನು, ಬಿದಿರು, ಗೆಣಸು, ಬೇರು, ಹಣ್ಣು ಮುಂತಾದ ಕಿರು ಅರಣ್ಯ ಉತ್ಪನ್ನಗಳ ಒಡೆತನ, ಮೇವು, ನೀರು, ಹಾಗೂ ತಲತಲಾಂತರದಿಂದ ಕಾಪಾಡಿಕೊಂಡು ಬಂದ ಕಾಡನ್ನು ಸಂರಕ್ಷಿಸಿ ನಿರ್ವಹಿಸುವ ಹಕ್ಕು. ನಮ್ಮಲ್ಲಿ ಎಲ್ಲರೂ ಮೊದಲನೆಯದರ ಹಿಂದೆ ಓಡುತ್ತಾರೆ, ಎರಡನೆಯದು ಮರೆತುಹೋಗುತ್ತದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡನ್ನು ಅವಲಂಬಿಸಿದ್ದರೆ ಅರ್ಹರು. ಇತರ ಪಾರಂಪರಿಕ ಅರಣ್ಯವಾಸಿಗಳು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು.

ಅರ್ಜಿ ಆರಂಭವಾಗುವುದು ಕಚೇರಿಯಲ್ಲಿ ಅಲ್ಲ, ಗ್ರಾಮಸಭೆಯಲ್ಲಿ. ಇದು ಪಂಚಾಯಿತಿ ಮಟ್ಟದ ಸಭೆಯಲ್ಲ, ಊರಿನ ಅಥವಾ ದೊಡ್ಡಿಯ ಮಟ್ಟದ ಸಭೆ. ಅದು 10ರಿಂದ 15 ಸದಸ್ಯರ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ. ಅದರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕು. ಸಮಿತಿ ಪರಿಶೀಲಿಸಿ, ಗ್ರಾಮಸಭೆ ಅಂಗೀಕರಿಸಿ, ಉಪವಿಭಾಗ ಮಟ್ಟಕ್ಕೂ ಅಲ್ಲಿಂದ ಜಿಲ್ಲಾ ಮಟ್ಟಕ್ಕೂ ಅರ್ಜಿ ಹೋಗುತ್ತದೆ.

ಸಾಕ್ಷ್ಯವೇನು? ನಮ್ಮ ಹತ್ತಿರ ಕಾಗದವಿಲ್ಲವಲ್ಲ ಎಂದು ಅನೇಕರು ಕೈಚೆಲ್ಲುತ್ತಾರೆ. ಕಾಯ್ದೆಯ ನಿಯಮಗಳು ಇಲ್ಲಿ ಬಹಳ ವಿವೇಕದಿಂದ ಬರೆಯಲ್ಪಟ್ಟಿವೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದು ಸಾಕ್ಷ್ಯ. ಗೆಣಸು, ಬೇರು, ಮೇವು, ಕಾಡುಹಣ್ಣು ಸಂಗ್ರಹಿಸುವ ಜಾಗ, ಮೀನು ಹಿಡಿಯುವ ಮಡು, ನೀರಿನ ಸೆಲೆ, ದೇವರ ಮರ, ದೇವರ ಬನ, ಸಮಾಧಿ, ಹಳೆಯ ಮನೆಯ ಅಡಿಪಾಯ ಇವೆಲ್ಲವೂ ಸಾಕ್ಷ್ಯ. ಅಂದರೆ, ಯಾವ ಮಳೆಯಲ್ಲಿ ಯಾವ ಬೆಟ್ಟದ ಯಾವ ಮಗ್ಗುಲಿಗೆ ಯಾವುದಕ್ಕಾಗಿ ಹೋಗುತ್ತಿದ್ದೆವು ಎಂದು ಅಜ್ಜಿ ಹೇಳುವ ಮಾತು ಬರಿಯ ಹಳೆಯ ಕಥೆಯಲ್ಲ. ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿದರೆ ಅದು ದೊಡ್ಡಿಯ ದಸ್ತಾವೇಜು. ಒಬ್ಬೊಬ್ಬ ಹಿರಿಯರು ಹೇಳದೆ ಕಣ್ಮುಚ್ಚಿದಾಗಲೂ ನಾವು ಕಳೆದುಕೊಳ್ಳುತ್ತಿರುವುದು ಅಂತಹ ಒಂದು ದಸ್ತಾವೇಜನ್ನು.

ಹಕ್ಕಿನ ಜೊತೆ ಕಾಯ್ದೆ ಹೊಣೆಯನ್ನೂ ಹೊರಿಸಿದೆ. ವನ್ಯಜೀವಿಗಳನ್ನು, ಕಾಡನ್ನು, ನೀರಿನ ಸೆಲೆಗಳನ್ನು ರಕ್ಷಿಸುವ ಕರ್ತವ್ಯವೂ ಅಧಿಕಾರವೂ ಗ್ರಾಮಸಭೆಗೆ ಇವೆ. ಆದ್ದರಿಂದ ಅರ್ಜಿಯಲ್ಲಿ 'ನಮಗೆ ಇದು ಬೇಕು' ಎಂಬುದರ ಪಕ್ಕದಲ್ಲೇ 'ಈ ತಿಂಗಳಲ್ಲಿ ನಾವು ಇದನ್ನು ಮುಟ್ಟುವುದಿಲ್ಲ' ಎಂಬುದನ್ನೂ ಬರೆಯೋಣ. ಯಾವ ಅಧಿಕಾರಿಗೂ ಅದಕ್ಕಿಂತ ಬಲವಾದ ಉತ್ತರವನ್ನು ಕೊಡಲಾಗದು.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹಲವರು ಓದು ಮುಗಿಸಿ ಇದೇ ಕೈಗಾರಿಕಾ ಪ್ರದೇಶದ ಪಾಳಿಗಳಿಗೆ ಹೋಗುವಿರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ; ದುಡಿಮೆ ದುಡಿಮೆಯೇ. ಒಜಿಬ್ವೆ ಯುವಕರೂ ಇಂದು ಕಚೇರಿಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಆದರೂ ಕಾಡುಬತ್ತದ ತಿಂಗಳು ಬಂದಾಗ ಅವರಲ್ಲಿ ಅನೇಕರು ದೋಣಿ ಇಳಿಸುತ್ತಾರೆ. ಪಾಳಿಯ ಕಾಲವನ್ನು ಕಲಿಯುವುದಕ್ಕೆ ಬೆಟ್ಟದ ಕಾಲವನ್ನು ಮರೆಯಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ನಿಮ್ಮಿಂದ ನಾನು ಕೇಳುವುದು ಒಂದು ವರ್ಷದ ಕೆಲಸ. ನಿಮ್ಮ ನಿಮ್ಮ ಊರಿನ ಪಂಚಾಂಗವನ್ನು ಬರೆಯಿರಿ. ಅಶ್ವಿನಿಯಿಂದ ಆರಂಭಿಸಿ 27 ಮಳೆಗಳಿಗೆ 27 ಪುಟಗಳು. ಪ್ರತಿಯೊಂದರಲ್ಲಿ ಯಾವ ಹೂ, ಯಾವ ಕಾಯಿ, ಯಾವ ಹಕ್ಕಿ, ಯಾವ ಮೀನು, ಯಾರು ಎಲ್ಲಿಗೆ ಹೋಗುತ್ತಿದ್ದರು, ಯಾವುದನ್ನು ಮುಟ್ಟುತ್ತಿರಲಿಲ್ಲ, ಈಗ ಏನು ಬದಲಾಗಿದೆ. ಹೂ ಹಿಂದಿನದಕ್ಕಿಂತ ಬೇಗ ಬಿಟ್ಟಿತೇ, ಮಳೆ ತಡವಾಯಿತೇ ಎಂಬುದನ್ನೂ ದಿನಾಂಕದೊಡನೆ ಬರೆಯಿರಿ. ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ಅಂತಹ ದಾಖಲೆಗೆ ವಿಜ್ಞಾನದಲ್ಲಿಯೂ ಬೆಲೆಯಿದೆ. ಹೇಳಿದವರ ಹೆಸರು, ವಯಸ್ಸು, ದೊಡ್ಡಿಯನ್ನು ಅವರ ಒಪ್ಪಿಗೆ ಪಡೆದು ನಮೂದಿಸಿರಿ. ಔಷಧಿಯ ಗುಟ್ಟನ್ನು ಹೇಳಲು ಅವರು ಒಪ್ಪದಿದ್ದರೆ ಒತ್ತಾಯ ಬೇಡ; ಅದು ಅವರ ಸ್ವತ್ತು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಕಚೇರಿಯ ಕಪಾಟಿನಲ್ಲಿ ಆ ಪುಸ್ತಕ ಇದೆಯೇ, ಅದರಲ್ಲಿ ನಿಮ್ಮ ದೊಡ್ಡಿಯ ಹೆಸರಿದೆಯೇ ಎಂದು ಹೋಗಿ ಕೇಳಿರಿ. ಇಲ್ಲವಾದರೆ ನಿಮ್ಮ 27 ಪುಟಗಳನ್ನು ಅದಕ್ಕೆ ಸೇರಿಸಲು ಒತ್ತಾಯಿಸಿರಿ. ಅದರ ಒಂದು ಪ್ರತಿ ಅರಣ್ಯ ಹಕ್ಕು ಸಮಿತಿಯ ಕಡತದಲ್ಲಿಯೂ ಇರಲಿ.

ಹಿರಿಯರಲ್ಲಿ ನನ್ನ ವಿನಂತಿ ಇನ್ನೂ ಚಿಕ್ಕದು. ಮಕ್ಕಳು ಕೇಳಿದಾಗ 'ಅದೆಲ್ಲ ಈಗ ಯಾಕೆ' ಎನ್ನಬೇಡಿ. ಅವರನ್ನು ಜೊತೆಗೆ ಕರೆದುಕೊಂಡು ಬೆಟ್ಟದ ಬುಡದವರೆಗಾದರೂ ನಡೆಯಿರಿ. ಸಭಾಂಗಣದಲ್ಲಿ ನೆನಪಾಗದ ಹೆಸರುಗಳು ದಾರಿಯಲ್ಲಿ ತಾವಾಗಿ ನಾಲಿಗೆಗೆ ಬರುತ್ತವೆ. ಬರುವ ಮಾವು ಮುಗಿದು ಮೃಗಶಿರ ಹಿಡಿಯುವ ಹೊತ್ತಿಗೆ ಪ್ರತಿ ದೊಡ್ಡಿಯಲ್ಲೂ ಒಂದು ಗ್ರಾಮಸಭೆ, ಪ್ರತಿ ಶಾಲೆಯಲ್ಲೂ ಒಂದು ಪಂಚಾಂಗದ ಪುಸ್ತಕ ಆರಂಭವಾಗಲಿ.